ತಾರ್ಲೆ ಎಣ್ಣೆ

ಬೈತಖೋಲ ರಸ್ತೆಯ ಔಷಧಿ ಅಂಗಡಿಯಲ್ಲಿ
ನನ್ನ ಬೆನ್ನ ಹಿಂದಿನ ಮೂರನೇ ಕಪಾಟು ನೆನಪಿನದು.
ಮೇಲೆ ಬ್ರಾಹ್ಮಿ, ನಡುವೆ ಗಿಂಕೋ,
ಕೆಳಗೆ ಹಳದಿ ಮುತ್ತಿನಂಥ ಮೀನೆಣ್ಣೆ ಗುಳಿಗೆ.
ಡಬ್ಬಿ ಡಬ್ಬಿಯ ಮೇಲೂ ಹೊಳೆವ ಮಿದುಳು,
ಸಿಪ್ಪೆ ಸುಲಿದ ಅಕ್ರೋಟಿನ ಹಾಗೆ.
ಫೆಬ್ರವರಿಯಲ್ಲಿ ತಾಯಂದಿರು ಬರುತ್ತಾರೆ,
ಫಲಿತಾಂಶ ಬಂದ ಮೇಲೆ ಆಚೆ ದಂಡೆಯಿಂದ ನಡೆಯುತ್ತಾರೆ.
ಮಾಲೀಕ ವಿಠೋಬಣ್ಣ ಕಲಿಸಿದ ಮಾತು ಒಂದೇ:
"ಮೂರು ತಿಂಗಳು ಬಿಡದೆ ತಗೊಳ್ಳಿ ಅನ್ನು.
ನಡುವೆ ಬಿಟ್ಟವರು ನಮ್ಮನ್ನು ಬೈಯುವುದಿಲ್ಲ,
ತಮ್ಮನ್ನೇ ಬೈದುಕೊಳ್ಳುತ್ತಾರೆ."

ಪುರ್ಸು ಹರಿಕಂತ್ರ ಬಂದದ್ದು ಒಂದು ಸೋಮವಾರ.
ಬಂದರಿನ ಲಿಲಾವಿನಲ್ಲಿ ಮೂವತ್ತು ವರ್ಷದ ದನಿ.
ಯಾರ ಬುಟ್ಟಿ, ಯಾರ ಕೂಗು, ಎಷ್ಟಕ್ಕೆ ಮುರಿಯಿತು,
ಎಲ್ಲ ತಲೆಯಲ್ಲೇ; ಕಾಗದ ಮುಟ್ಟಿದವನಲ್ಲ.
ಹೋದ ವಾರ ಒಂದೇ ಇಸ್ವಾಣ ಬುಟ್ಟಿಯನ್ನು
ಒಮ್ಮೆ ಶಾಂತೂಬಾಯಿಗೆ, ಒಮ್ಮೆ ಅಂಕೋಲೆಯ ಲಾರಿಗೆ
ಎರಡು ಸಲ ಮಾರಿದನಂತೆ.
ಎಲ್ಲರೂ ನಕ್ಕರಂತೆ. ಶಾಂತೂಬಾಯಿ ನಗಲಿಲ್ಲ,
ಐಸಿನ ಮೇಲೆ ಕೈಯಿಟ್ಟು ಅವನನ್ನೇ ನೋಡಿದಳಂತೆ.

"ತಂಗೀ, ಇದು ಕೆಲಸ ಮಾಡ್ತದಾ?"

ಡಬ್ಬಿಯೊಳಗಿನ ಚೀಟಿ ನನಗೆ ಬಾಯಿಪಾಠ.
ಇರುವೆ ಸಾಲಿನಂಥ ಅಕ್ಷರದಲ್ಲಿ ಅದೇ ಒಪ್ಪಿಕೊಳ್ಳುತ್ತದೆ,
ಯಾವ ರೋಗಕ್ಕೂ ಇದು ಮದ್ದಲ್ಲವೆಂದು.
ನಾನೂ ಡಿ-ಫಾರ್ಮಾ ಪರೀಕ್ಷೆಗೆ ಮುನ್ನ
ಕಂಪನಿಯವನು ಕೊಟ್ಟ ಸ್ಯಾಂಪಲ್ ನುಂಗಿದ್ದೆ ನಲವತ್ತು ದಿನ.
ಮರೆಯದೆ ಉಳಿದದ್ದು ನುಂಗಬೇಕೆಂಬುದು ಮಾತ್ರ.
ಗಲ್ಲೆಯಿಂದ ವಿಠೋಬಣ್ಣ ಕೆಮ್ಮಿದ.
"ಕೆಲವರಿಗೆ," ಎಂದೆ.

ಕೆಲವರಿಗೆ.
ಸೇತುವೆ ಕೆಳಗಿನ ಕಾಳಿಯ ನೀರಿನಂಥ ಮಾತು,
ಸಿಹಿಯೆಂದರೆ ಉಪ್ಪು, ಉಪ್ಪೆಂದರೆ ಸಿಹಿ.

ಒಂದು ಗುಳಿಗೆ ತೆಗೆದು ಹಿಚುಕಿದ. ಒಡೆಯಿತು. ಮೂಸಿದ.
"ಅಯ್ಯೋ, ಇದು ತಾರ್ಲೆ ಎಣ್ಣೆ!
ಹದಿನೆಂಟು ರೂಪಾಯಿ ಕಿಲೋ, ನಾನೇ ಕೂಗಿ
ಮಿಲ್ಲಿಗೆ ಹಾಕಿದ್ದು. ಎಲ್ಲೆಲ್ಲಿ ತಿರುಗಿ
ಮುಖ ತೊಳಕೊಂಡು ಬಂತು, ಆರುನೂರ ಎಂಬತ್ತಕ್ಕೆ!"
ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಸುಮ್ಮನಾದ.
"ಅಪ್ಪ ಮಳೆಗಾಲದ ಮುಂಚೆ
ಪಾತಿ ದೋಣಿಗೆ ಇದನ್ನೇ ಬಳಿಯುತ್ತಿದ್ದ.
ಹಲಗೆಗೆ ಹುಳ ಹಿಡಿಯೂದಿಲ್ಲ."
ಬೆರಳ ಗೆಣ್ಣಿನಿಂದ ಹಣೆ ತಟ್ಟಿಕೊಂಡ, ಟಕ್ ಟಕ್,
ಮರ ಕೊಳ್ಳುವ ಬಡಗಿಯ ಹಾಗೆ.
"ಒಳಗಿಂದ ಬಳಿದರೆ?"

ಆ ಪ್ರಶ್ನೆ ನಮ್ಮ ಸಿಲೆಬಸ್ಸಿನಲ್ಲಿರಲಿಲ್ಲ.
ದಿನಕ್ಕೊಂದು, ಊಟದ ಮೇಲೆ, ಎಂದೆ.
ನುಂಗಿದ್ದಕ್ಕೆ ಡಬ್ಬಿಯ ಮೇಲೊಂದು ಗೀಟು ಹಾಕಿಕೊಳ್ಳಿ.

ಎರಡು ತಿಂಗಳಿಗೆ ಮತ್ತೆ ಬಂದ, ಮುಖದಲ್ಲಿ ಗೆಲುವು.
"ಒಳ್ಳೆ ಮದ್ದು. ಒಂದು ಬುಟ್ಟಿಯೂ ತಪ್ಪಿಲ್ಲ."
ಕಿಸೆಯಿಂದ ತೆಗೆದ, ಬಿಡಿಸಿ ಚಪ್ಪಟೆ ಮಾಡಿದ ಡಬ್ಬಿಯ ರಟ್ಟು.
ಹೊರಗೆ ಅದೇ ಮಿದುಳು, ಬೆವರಿಗೆ ಬಣ್ಣ ಬಿಟ್ಟಿದೆ.
ಒಳಮೈ ಬಿಳಿ, ಅದರ ತುಂಬ ಪೆನ್ಸಿಲ್ಲು:
ಶಾಂತೂ ಬಂಗಡೆ ೩, ಲಾರಿ ಇಸ್ವಾಣ ೧,
ಮೋನಪ್ಪ ಬಾಕಿ ನಾನೂರು, ಸಿಗಡಿ ನಾಳೆ.
ಮೂಲೆಯಲ್ಲಿ ಗುಳಿಗೆಯ ಗೀಟು. ಒಂಬತ್ತಕ್ಕೆ ನಿಂತಿತ್ತು.
"ಗೀಟು ಹಾಕ್ತಾ ಹಾಕ್ತಾ ಮೀನೂ ಬರದೆ."

"ಉಳಿದ ಗುಳಿಗೆ?"
"ಸೂಜಿ ಚುಚ್ಚಿ ಪಾತಿಗೆ ಬಳಿದೆ. ಹಳೇದು, ಹಿತ್ತಲಲ್ಲಿ ಬಿದ್ದದೆ."
"ಹುಳ ಹೋಯ್ತಾ?"
"ನೋಡಬೇಕು. ಮೂರು ತಿಂಗಳು ಬಿಡದೆ
ಅಂತ ನೀವೇ ಹೇಳೂದಲ್ಲ."
ವಿಠೋಬಣ್ಣನೂ ನಕ್ಕುಬಿಟ್ಟ.

ರಟ್ಟು ಮಡಚಿ ಕೊಡುವಾಗ ಕಂಡದ್ದು,
ಮೇಲ್ತುದಿಯಲ್ಲಿ, ಮೀನಿಗಿಂತ ದಪ್ಪ ಅಕ್ಷರದಲ್ಲಿ,
ಎರಡು ಸಲ ತಿದ್ದಿದ್ದು:
ಪುರ್ಸು ಹರಿಕಂತ್ರ. ಅಲಿಗದ್ದಾ.
ಬಾವಿ ದಾಟಿ ಎಡಕ್ಕೆ, ನೀಲಿ ಬಾಗಿಲು.

ಕಪಾಟಿನಿಂದ ಶೋಗೆ ಇಟ್ಟಿದ್ದ ಖಾಲಿ ಡಬ್ಬಿಗಳನ್ನು,
ನಾಲ್ಕೋ ಐದೋ, ಚೀಲಕ್ಕೆ ಹಾಕಿ ಕೊಟ್ಟೆ.
"ಎಷ್ಟು?" ಎಂದ, ಲಿಲಾವಿನ ದನಿಯಲ್ಲಿ.
ಏನೂ ಇಲ್ಲ, ಎಂದೆ.