ಇಪ್ಪತ್ತೆಂಟು ದಿನದ ತಿಂಗಳು

ಗೊರಗುಂಟೆಪಾಳ್ಯದ ಸಿಗ್ನಲ್ಲಿನ ಪಕ್ಕ
ಕಂಪನಿ ಕೊಟ್ಟ ಕೊಡೆ ಬಿಚ್ಚಿ
ಸಿಮ್ಮು ಮಾರುತ್ತೇನೆ.
ಬಿಸಿಲಿಗಾಗುತ್ತದೆ ಈ ಕೊಡೆ, ಮಳೆಗಾಗುವುದಿಲ್ಲ;
ಹೊಲಿಗೆ ಬಿಟ್ಟ ಕಡೆ ಆಕಾಶ ಒಂದು ಗೆರೆ.

ಮೊನ್ನೆ ಒಬ್ಬ ಬಂದ, ಬಿಸಿಲಿಗೆ ಕೆಂಪೇರಿದ ಮೆಕ್ಯಾನಿಕ್ಕು,
ಪೀಣ್ಯದ ಯಾವುದೋ ಗಾರ್ಮೆಂಟಿನ ಕಸೂತಿ ಮಿಷಿನ್ನು
ಸರಿ ಮಾಡಲು ಕೆನಡಾದಿಂದ.
ಪಾಸ್‌ಪೋರ್ಟು, ವೀಸಾ, ಹೋಟೆಲಿನ ಚೀಟಿ.
ಫೋಟೋಗೆ ಕಣ್ಣು ಮಿಟುಕಿಸಬೇಕು ಅಂದೆ, ಮಿಟುಕಿಸಿದ.
ದುಡ್ಡೆಷ್ಟು ಅಂದ. ಹೇಳಿದೆ.
ಇನ್ನೊಂದ್ಸಲ ಹೇಳು ಅಂದ.

ಗುಣಿಸಿ, ಭಾಗಿಸಿ, ನಕ್ಕೇಬಿಟ್ಟ.
ಅವರಲ್ಲಿ ಫೋನು ಪುಕ್ಕಟೆಯಂತೆ,
ಎರಡು ವರ್ಷಕ್ಕೆ ರುಜು ಹಾಕಬೇಕಂತೆ,
ತಿಂಗಳಿಗೆ ಎಂಬತ್ತು ಡಾಲರು, ನಡುವೆ ಬಿಟ್ಟರೆ ದಂಡ.
ಹೆಂಡತಿ ಬಿಟ್ಟುಹೋದಳಂತೆ ಹದಿನಾಲ್ಕನೇ ತಿಂಗಳಿಗೆ;
ಅವಳ ನಂಬರಿನ ಕಂತು ಮಾತ್ರ
ಇನ್ನೂ ಹತ್ತು ತಿಂಗಳು ಇವನ ಜೊತೆಗೇ ಬಾಳಿತಂತೆ.

ಬಹಳ ಸೋವಿ ನಿಮ್ಮ ದೇಶ, ಅಂದ.
ಹೌದು ಸಾರ್, ಅಂದೆ. ಬೋಣಿ ಗಿರಾಕಿಗೆ ಇಲ್ಲ ಅನ್ನಬಾರದು.

ಅವನ ಹಿಂದೆ ಹೊಂಬಾಳಮ್ಮ,
ರಾತ್ರಿ ಪಾಳಿ ಬಿಟ್ಟು ಬಂದವಳು, ತುರುಬಿನ ತುಂಬ ಹತ್ತಿಯ ಜುಂಗು:
'ಮುಗಿದೋಯ್ತಂತಲ್ಲಣ್ಣ, ತಿಂಗಳಾಗಿಲ್ಲ ಇನ್ನ!'

ಸಂಬಳದ ತಿಂಗಳಿಗೆ ಮೂವತ್ತು, ಮೂವತ್ತೊಂದು,
ಬಾಡಿಗೆಯ ತಿಂಗಳಿಗೂ ಅಷ್ಟೇ,
ಕಂಪನಿಯ ತಿಂಗಳಿಗೆ ಮಾತ್ರ ಇಪ್ಪತ್ತೆಂಟು ಕಣಮ್ಮ.
'ಹಂಗಾದ್ರೆ ವರ್ಷಕ್ಕೆ ಹದಿಮೂರು?'
ಹದಿಮೂರು.
'ಅಧಿಕ ಮಾಸ ಮೂರು ವರ್ಷಕ್ಕೊಂದ್ಸಲ ಬರ್ತದೆ.
ಇವ್ರದು ವರ್ಷವರ್ಷವೂ ಬರ್ತದಲ್ಲ,
ಯಾವ ಐನೋರು ಬರ್ಕೊಟ್ಟ ಪಂಚಾಂಗ ಇದು?'

ನನ್ನ ಮುರುಕು ಇಂಗ್ಲಿಷಿನಲ್ಲಿ ಅವನನ್ನು ಕೇಳಿದೆ:
ಎಂಬತ್ತು ಡಾಲರಿಗೆ ನೀನೆಷ್ಟು ಹೊತ್ತು ದುಡಿಯಬೇಕು?
ಲೆಕ್ಕ ಹಾಕಿದ. ಎರಡು ಗಂಟೆ.
ಬೆಳಿಗ್ಗೆ ಕಾಫಿಯ ಹೊತ್ತಿಗೆ ಮುಗಿಯುತ್ತದೆ.
ನೀನಮ್ಮ, ಈ ಮುನ್ನೂರ ನಲವತ್ತೊಂಬತ್ತಕ್ಕೆ?
ಅವಳು ಗಂಟೆಯಲ್ಲಿ ಎಣಿಸಲಿಲ್ಲ.
'ಮುನ್ನೂರೈವತ್ತು ಕಾಲರು,' ಅಂದಳು,
'ಸೂಪರ್‌ವೈಸರು ವಾಪಸು ಎಸೀದಿದ್ರೆ.'
ಅವನಿಗೆ ಅದನ್ನು ಹೇಗೆ ಹೇಳಲಿ?
ಅವನ ಅಂಗಿಯ ಕಾಲರು ಹಿಡಿದು ತೋರಿಸಿದೆ.
ಜಗಳಕ್ಕೆ ಬಂದೆನೆಂದು ಒಂದು ಹೆಜ್ಜೆ ಹಿಂದೆ ಸರಿದ.

ಹೊಂಬಾಳಮ್ಮನಿಗೆ ಮಾತಾಡಲು ಬೇಡ ಈ ಪ್ಯಾಕು.
ಲಗ್ಗೆರೆಯ ಮನೆಗೆ ಒಂದು ರಿಂಗು: ಬಸ್ಸು ಸಿಕ್ಕಿತು.
ಎರಡು ರಿಂಗು: ಅಕ್ಕಿ ಇಡು.
ಮೂರಾದರೆ ಓಟಿ, ಕಾಯಬೇಡ, ಉಂಡು ಮಲಗು.
ಹತ್ತು ರೂಪಾಯಿ ವರ್ಷಗಟ್ಟಲೆ ಬಾಳುತ್ತಿತ್ತು ಒಂದು ಕಾಲದಲ್ಲಿ;
ಈಗ ಎತ್ತಬಾರದ ಕರೆಗೂ ಪೂರ್ತಿ ರೀಚಾರ್ಜು.

ಅರ್ಧ ಗಂಟೆಗೆ ಅವನ ಸಿಮ್ಮಿಗೆ ಜೀವ ಬಂತು.
ಹೊಡೀತದಾ ನೋಡಮ್ಮ ಅಂದೆ.
ಒಂದು ರಿಂಗು ಕೊಟ್ಟು ಕತ್ತರಿಸಿದಳು, ಅಭ್ಯಾಸಬಲ.
ಅವನು ಕಿವಿಗಿಟ್ಟುಕೊಂಡು
ಹಲೋ ಅಂದ, ಹಲೋ, ಹಲೋ,
ಯಾರೂ ಇಲ್ಲದ ಕಡೆಗೆ ತುಂಬ ಮರ್ಯಾದೆಯಿಂದ.
ಅವಳು ಆಗಲೇ ಬಸ್ಸಿನ ಮೆಟ್ಟಿಲ ಮೇಲೆ.

ಆಮೇಲೆ ಮಳೆ ಶುರುವಾಯಿತು.
ಕೊಡೆ ಮಡಚಿಕೊಂಡು
ಫ್ಲೈಓವರಿನ ಕೆಳಕ್ಕೆ ಓಡಿದೆ.