ಷರಾ: ಅಂಚಿನಲ್ಲಿ ಪೆನ್ಸಿಲ್ ಗುರುತು

ಹಾರ್ಲೆಮ್ಮಿನ ಈ ಹರಾಜು ಮನೆಯಲ್ಲಿ
ಮೂವತ್ತೊಂದು ವರ್ಷದಿಂದ ನನ್ನದು ಷರಾ ಬರೆಯುವ ಕೆಲಸ.
ಬೆನ್ನು ಬಿಟ್ಟಿದೆ. ಹುಳ ತಿಂದಿದೆ. ಒಂದು ನಕಾಶೆ ಇಲ್ಲ.
ಗುಣವನ್ನು ಎರಡೇ ಮಾತಿನಲ್ಲಿ, ಊನವನ್ನು ಬಿಡಿಸಿ ಹೇಳಬೇಕು;
ಸಂಬಂಧ ಕುದುರಿಸುವವರ ಲೆಕ್ಕ ಇಲ್ಲಿ ತಿರುಗುಮುರುಗು.

ಲಾಟ್ ಇನ್ನೂರ ಹನ್ನೆರಡು:
ರೋಮನ್ ನಾಣ್ಯಗಳ ಮೇಲೊಂದು ಲ್ಯಾಟಿನ್ ಹೊತ್ತಗೆ,
ಸಾವಿರದ ಏಳುನೂರ ಎಂಟು, ಕರುವಿನ ಚರ್ಮದ ರಟ್ಟು,
ಎತ್ತಿಕೊಂಡರೆ ಹಸುಗೂಸಿನ ತೂಕ.
ಇಂಥದಕ್ಕೆ ಬರುವ ಗಿರಾಕಿಗಳ ಜಾತಿಯೇ ಬೇರೆ:
ನಾಣ್ಯ ಬೇಡ ಇವರಿಗೆ,
ನಾಣ್ಯದ ಬಗ್ಗೆ ಬರೆದದ್ದನ್ನು ಬಿಡಿಸಿ ಮೂಸುತ್ತಾರೆ.

ನಲವತ್ತನೇ ಪುಟ ತಿರುವಿದೆ.
ಅಂಚಿನಲ್ಲೊಂದು ಬೂದು ಚಂದ್ರ.
ಹಾಳೆಯ ಅಡಿಗೆ ನಾಣ್ಯವಿಟ್ಟು, ಪೆನ್ಸಿಲ್ ಓರೆ ಹಿಡಿದು
ಉಜ್ಜಿದ್ದಾರೆ ಯಾರೋ;
ಚಕ್ರವರ್ತಿಯ ಮೂಗು, ಮುರಿದ ಅಕ್ಷರ ಎದ್ದು ಬಂದಿವೆ.
ಪಕ್ಕದಲ್ಲಿ ಇರುವೆ ಸಾಲಿನ ಕೈಬರಹ:
‘ಡಿಸೆಂಬರ್ ಒಂಬತ್ತು, ನಲವತ್ತನಾಲ್ಕು.
ಬೀಮ್‌ಸ್ಟರ್, ಕ್ಲಾವರನ ಕೊಟ್ಟಿಗೆ. ಬೀಟ್‌ಗೆಡ್ಡೆ ಎರಡು ಕಿಲೊ.’
ಮುಂದಿನ ಚಂದ್ರ: ‘ಹಾಲು, ಅರ್ಧ ಲೀಟರ್. ಹುಡುಗಿಗೆ.’
‘ಗೋಧಿ, ಒಂದು ಟೋಪಿ ತುಂಬ.’
‘ಟ್ಯುಲಿಪ್ ಗೆಡ್ಡೆ. ನಡುವಿನ ಹಳದಿ ಮೊಳಕೆ ಕಿತ್ತು ಬೇಯಿಸುವುದು.’

ಹತ್ತೊಂಬತ್ತು ಸಲ, ಟೈರಿಲ್ಲದ ಸೈಕಲ್ಲೇರುವ ಮುನ್ನ,
ಕೊಟ್ಟುಬಿಡಬೇಕಾದ್ದರ ನೆರಳು ಹಿಡಿದಿಟ್ಟುಕೊಂಡಿದ್ದಾನೆ.
ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತಾರೆ;
ಆ ಚಳಿಗಾಲ ಕಜ್ಜಾಯವೇ ಕಾಸು.
ಇಪ್ಪತ್ತನೆಯದರಲ್ಲಿ ಚಕ್ರವರ್ತಿ ಇಲ್ಲ.
ನಾಲ್ಕು ತೂತು.
ಕೋಟಿನ ಗುಂಡಿ.
ಅದರ ಪಕ್ಕ ಏನೂ ಬರೆದಿಲ್ಲ.

ನಾನು ಬರೆದೆ: ಅಂಚಿನಲ್ಲಿ ಪೆನ್ಸಿಲ್ ಗುರುತು, ಇಪ್ಪತ್ತು ಕಡೆ.
ಅಂದಾಜು ಬೆಲೆ ಮುನ್ನೂರು ಯೂರೊ. ಶುಚಿಯಾಗಿದ್ದರೆ ಒಂಬೈನೂರು.

ಪುಸ್ತಕ ನೋಡುವ ದಿನ ಬಂದಳು ಆಫ್ಕೆ ಕ್ಲಾವರ್,
ಕ್ಯಾಟಲಾಗಿನ ಚಿತ್ರದಲ್ಲಿ ತಾತನ ಹೆಸರು ಕಂಡವಳು,
ಬೂಟಿನ ಹಿಮ್ಮಡಿಯಲ್ಲಿ ಇನ್ನೂ ಹಸಿ ಸೆಗಣಿ.
ಕೈಚೀಲದಿಂದ ತಂಬಾಕಿನ ತಗಡು ಡಬ್ಬಿ ತೆಗೆದಳು,
ಡಬ್ಬಿಯಿಂದ ಒಂದು ಬೆಳ್ಳಿ, ತೊಗರಿ ಬೇಳೆಯ ದಪ್ಪ.
ಬೂದು ಚಂದ್ರನ ಮೇಲಿಟ್ಟಳು.
ಚಿಲಕ ಕೂತಂತೆ ಕೂತಿತು.

‘ಎರಡು ಕಿಲೊ,’ ಎಂದಳು, ‘ನ್ಯಾಯವಾಗಿತ್ತೆ?’
ಇವತ್ತಿನ ಬೆಲೆ ನಾಲಿಗೆಯ ತುದಿಗೇ ಬಂದಿತ್ತು.
ನನ್ನ ಹಿಂದೆ ನಾಣ್ಯಗಳ ಬೆಲೆ ಹೇಳುವ ನಾನೂರು ಪುಸ್ತಕ,
ಒಂದರಲ್ಲೂ ಆ ಡಿಸೆಂಬರಿನ ದರ ಇಲ್ಲ.
ಇದೊಂದರಲ್ಲಿದೆ. ಇದೊಂದನ್ನು ನಾನು
ಊನ ಎಂದು ಬರೆದು ಅಚ್ಚಿಗೆ ಕಳಿಸಿದ್ದೆ.

ಹರಾಜಿನ ದಿನ ಆರುನೂರರ ತನಕ ಅವಳ ಕೈ ಮೇಲಿತ್ತು.
ಆರುನೂರೈವತ್ತು, ಟೆಲಿಫೋನಿನಲ್ಲಿ, ಜ್ಯೂರಿಕ್ಕಿನಿಂದ.
ಒಂದು ಸಲ.
ಅವಳು ಡಬ್ಬಿಯನ್ನು ಚೀಲಕ್ಕೆ ಸೇರಿಸುತ್ತಿದ್ದಳು.
ಎರಡು ಸಲ.
ಸುತ್ತಿಗೆ ಬೀಳುವ ಹೊತ್ತಿಗೆ ಕುರ್ಚಿ ಖಾಲಿ,
ಐದೂಕಾಲರ ಬಸ್ಸಿತ್ತಂತೆ, ಹಾಲು ಕರೆಯುವ ಹೊತ್ತು.

ಮರುದಿನ ಜ್ಯೂರಿಕ್ಕಿನ ಪತ್ರ, ಬಲು ಸಭ್ಯ:
ಕಳಿಸುವ ಮುನ್ನ ಅಂಚುಗಳನ್ನು ಶುಚಿ ಮಾಡಿಸಬಹುದೆ? ಖರ್ಚು ನಮ್ಮದು.

ನನ್ನ ಮೇಜಿನ ಎರಡನೇ ಖಾನೆಯಲ್ಲಿ
ಮೆತ್ತನೆಯ ರಬ್ಬರಿದೆ, ಒಣ ಸ್ಪಂಜಿದೆ, ಮೊಲದ ಕೂದಲಿನ ಕುಂಚ.
ಎರಡು ಮಧ್ಯಾಹ್ನದ ಕೆಲಸ.
ಎಷ್ಟೋ ಮಂದಿ ಸತ್ತವರ ಕೈಬರಹ ನನ್ನ ಕೈಯಲ್ಲೇ ಪುಡಿಯಾಗಿ
ಈ ನೆಲಕ್ಕೆ ಉದುರಿದೆ.

ಬರೆದೆ: ಸಾಧ್ಯವಿಲ್ಲ. ಸೀಸ ನಾರಿನೊಳಕ್ಕೆ ಇಳಿದಿದೆ,
ಉಜ್ಜಿದರೆ ಹಾಳೆ ಹರಿಯುತ್ತದೆ.
ನನ್ನ ಮೊದಲ ಸುಳ್ಳು ಷರಾ.
ಸಹಿ ಮಾಡುವಾಗ ಕೈ ಬಿಗಿಯಾಗಿತ್ತೋ ಏನೋ,
ಕಾಗದ ಹರಿದುಕೊಂಡ ಮೇಲೆ ನೋಡುತ್ತೇನೆ,
ಅಡಿಯ ಖಾಲಿ ಹಾಳೆಯಲ್ಲೂ ನನ್ನ ಹೆಸರು ಒತ್ತಿಕೊಂಡಿತ್ತು;
ಪೆನ್ಸಿಲ್ ಓರೆ ಹಿಡಿದು ಉಜ್ಜಿದರೆ ಓದಬಹುದು.