ಒಂದು ಸಾಲಿನ ಪಾತ್ರ

ವ್ರೊತ್ಸ್ವಾಫಿನ ಆ ಸ್ಟುಡಿಯೋ ಇರುವುದು ನೆಲಮಾಳಿಗೆಯಲ್ಲಿ.
ಮೇಲೆ ಟ್ರಾಮ್ ಹಾದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಬೇಕು.
ನನ್ನ ಸರದಿ ಬರುವ ತನಕ ಗಾಜಿನಾಚೆ
ಲುದೋಮಿರ್ ಸಾಯುತ್ತಿದ್ದ.
ಹದಿನಾಲ್ಕು ಸಲ ಸತ್ತ.
"ಇನ್ನೂ ನಿಧಾನ" ಅಂದಳು ಬೋಗ್ನಾ,
"ಕತ್ತಿ ಕೊರಳಲ್ಲೇ ಇದೆ, ನೆನಪಿರಲಿ."
ಅವನು ನೀರು ಕುಡಿದು ಬಂದು
ಮತ್ತೆ ಸತ್ತ.

ಆಟದಲ್ಲಿ ಅವನು ಸರದಾರ.
ಗಿರಣಿಹಳ್ಳಿಗೆ ಬೆಂಕಿಯಿಟ್ಟವನು,
ಬಾಗಿಲುಗಳಿಗೆ ಹೊರಗಿನಿಂದ ಅಗುಳಿ ಹಾಕಿಸಿ.
ಹನ್ನೆರಡು ವರ್ಷ ಕಳೆದು ಈಗ
ಬೆಟ್ಟದ ಮಠದಲ್ಲಿ ಜೇನು ಸಾಕುತ್ತಾನೆ,
ಕುಷ್ಠರೋಗಿಗಳ ಕಾಲು ತೊಳೆಯುತ್ತಾನೆ.
ಆಡುವವರು ಎದುರು ಬಂದು ನಿಂತರೆ ಮಂಡಿಯೂರುತ್ತಾನೆ.
ಗುಂಡಿ ಎರಡು: ಕೊಲ್ಲು, ಬಿಡು.
ಬಿಟ್ಟರೆ "ನಿಮ್ಮ ಋಣ ದೊಡ್ಡದು" ಅನ್ನಬೇಕು.
ಅದು ಮೊದಲ ಸಲಕ್ಕೇ ಸರಿಹೋಯಿತು,
ಇನ್ನೊಮ್ಮೆ ಹೇಳು ಎಂದು ಯಾರೂ ಕೇಳಲಿಲ್ಲ.

ನಾನು ಗಿರಣಿಯವನ ಹೆಂಡತಿ.
ಆ ರಾತ್ರಿ ಹೊಳೆಯಾಚೆ ಅಕ್ಕನ ಬಾಣಂತನಕ್ಕೆ ಹೋಗಿ
ಉಳಿದುಹೋದವಳು. ಇದು ನಾನೇ ಕಟ್ಟಿಕೊಂಡದ್ದು.
ಕಾಗದದಲ್ಲಿ ಇದ್ದದ್ದು ಇಷ್ಟೇ:
"ಕುದುರೆಗೆ ನೀರು ಬೇಕೇ?"
ನನಗೆ ನೆಗಡಿ. ಎರಡು ಸಲ ಹೇಳಿದೆ,
ಸಹಿ ಹಾಕಿ ದುಡ್ಡು ತಗೊಂಡೆ.
ಹೊರಗೆ ಹಿಮವೆಲ್ಲ ಕರಗಿ ಕೆಸರು.

ಮರುವರ್ಷ ತಂಗಿಯ ಮನೆಯಲ್ಲಿ, ರಾತ್ರಿ ಹನ್ನೊಂದು.
ಅವಳ ಮಗ ಕಾಯೆತಾನ್ ಆಟದ ಮುಂದೆ,
ಸೌತೆ ಉಪ್ಪಿನಕಾಯಿಯ ಬಾಟಲಿ ತೊಡೆಯ ಮೇಲೆ.
"ದೊಡ್ಡಮ್ಮ, ಏನು ಮಾಡಲಿ ಇವನನ್ನ?
ಬದಲಾಗಿದಾನಲ್ಲ.
ಹನ್ನೆರಡು ವರ್ಷ ಕಾಲು ತೊಳೆದಿದಾನೆ.
ಆದರೆ ಒಳಗೆ ಮಕ್ಕಳಿದ್ದವು.
ಮುಖ ನೋಡು, ಸುಕ್ಕು ಎಷ್ಟು ಚೆನ್ನಾಗಿ ಬರೆದಿದಾರೆ!"
ಅಡುಗೆಮನೆಯಿಂದ ನಮ್ಮಮ್ಮ:
"ಮಾಡಿದ್ದನ್ನು ಉಣ್ಣಲಿ ಬಿಡೋ."
ಪ್ರತಿ ನವೆಂಬರಿನಲ್ಲಿ ಇದೇ ಅಮ್ಮ
ಊರಲ್ಲಿ ಯಾರೂ ಹೆಸರೆತ್ತದ ತನ್ನ ಅಣ್ಣನ ಗೋರಿಗೆ
ಕತ್ತಲಾದ ಮೇಲೆ ಹೋಗಿ ದೀಪವಿಟ್ಟು ಬರುತ್ತಾಳೆ.
ಅವನೇನು ಮಾಡಿದ್ದ? ನಾವು ಕೇಳಿಲ್ಲ.

"ಅವಳನ್ನು ಕೇಳು" ಎಂದೆ.
"ಯಾರನ್ನ?"
"ಬಾವಿಯ ಹತ್ತಿರ ಒಬ್ಬಳು ನಿಂತಿರುತ್ತಾಳೆ."

ಹುಡುಗ ಕುದುರೆ ತಿರುಗಿಸಿದ.
ಬೆಟ್ಟ ಇಳಿದು, ಸುಟ್ಟ ತೊಲೆಗಳ ನಡುವೆ ಹಾದು,
ಬಾವಿಕಟ್ಟೆಗೆ ಬಂದು ಗುಂಡಿ ಒತ್ತಿದ.
ಕಟ್ಟಿದ ಮೂಗಿನ ನನ್ನ ದನಿ:
"ಕುದುರೆಗೆ ನೀರು ಬೇಕೇ?"
ಮತ್ತೆ ಒತ್ತಿದ. ನೀರು ಬೇಕೇ?
ಮತ್ತೆ.
ಅವಳ ಬಾಯಲ್ಲಿ ಬೇರೆ ಮಾತನ್ನು
ಯಾರೂ ಇಟ್ಟಿರಲಿಲ್ಲ,
ಶಾಪವನ್ನಾಗಲಿ, ಹೋಗಲಿ ಬಿಡು ಎಂಬುದನ್ನಾಗಲಿ.
ಬೆರಳು ಗುಂಡಿಯ ಮೇಲೇ ಇಟ್ಟುಕೊಂಡು
ಕಾಯೆತಾನ್ ಬಹಳ ಹೊತ್ತು ಅವಳನ್ನೇ ನೋಡಿದ.
ಆಮೇಲೆ ಪರದೆಗೆ, ಮೆಲ್ಲಗೆ, "ಬೇಕು" ಅಂದ.

ಕುದುರೆ ನೀರು ಕುಡಿಯಿತು.
ಮಠದಲ್ಲಿ ಸರದಾರ ಇನ್ನೂ ಮಂಡಿಯೂರಿಯೇ ಇದ್ದಿರಬೇಕು.